ಸೊನೆ ಇಳಿಸದ ಹಣ್ಣು

ಶ್ರೀಲಂಕೆಯ ಯಾಳ್ಪಾಣದ ಕೋಪಾಯಿ ಊರಿನಲ್ಲಿ ತೈಯಲ್‌ನಾಯಕಿಯ ಹಿತ್ತಿಲ ಮಾವು ಆ ವರ್ಷ ಬೇಗನೆ ಬಲಿತಿತು. ಮರವನ್ನು ನೆಟ್ಟ ಪತಿಯ ಪ್ರಥಮ ಆಬ್ದಿಕಕ್ಕೆ ಎರಡು ವಾರ ಉಳಿದಿತ್ತು. ಅಂದು ಅವರ ಎಲೆಗೆ ಆ ಮರದ ಹಣ್ಣನ್ನೇ ಬಡಿಸಬೇಕೆಂಬುದು ಆಕೆಯ ಏಕೈಕ ಅಪೇಕ್ಷೆ. ಮರದಲ್ಲಿಯೇ ಬಿಟ್ಟರೆ ಬಾವಲಿಗಳು ಉಳಿಸುವುದಿಲ್ಲವಾದ್ದರಿಂದ ಕಾಯಿಗಳನ್ನು ಕೀಳಿಸಿದಳು.

ಸಮರ್ಪಣೆಯ ವಸ್ತು ನಿರ್ದುಷ್ಟವಾಗಿರಬೇಕೆಂಬ ವಿಧಿಯಲ್ಲಿ ಆಕೆಗೆ ಸಡಿಲಿಕೆಯಿರಲಿಲ್ಲ. ಸೊನೆ ಸೋಕಿದ ಸಿಪ್ಪೆ ಸುಟ್ಟಂತೆ ಕಪ್ಪಾಗುತ್ತದೆ. ಆದಕಾರಣ ತೊಟ್ಟು ಮುರಿದು, ಕಾಯಿಯನ್ನು ಬೋರಲು ಹಾಕಿ, ಸೊನೆಯೆಲ್ಲ ಇಳಿದ ಮೇಲೆ ತೊಳೆದು ಹುಲ್ಲಿನಲ್ಲಿಡುವುದು ಆ ಮನೆಯ ವಾಡಿಕೆ.

ಸೊಸೆ ಯಾಳಿನಿ ವಿಶ್ವವಿದ್ಯಾಲಯದಲ್ಲಿ ಹಣ್ಣುಗಳ ರೋಗವನ್ನು ಅಭ್ಯಸಿಸುವವಳು.

"ಮಾಮಿ, ತೊಟ್ಟು ಮುರೀಬೇಡಿ. ಬೂಷ್ಟು ಎಳೆಗಾಯಲ್ಲೇ ಒಳಗೆ ಸೇರ್ಕೊಂಡಿರುತ್ತೆ. ಅದು ಏಳದ ಹಾಗೆ ನೋಡ್ಕೊಳ್ಳೋದೇ ಈ ಸೊನೆ."

"ಮುಟ್ಟಿದ್ರೆ ಬೊಬ್ಬೆ ಏಳ್ಸುತ್ತೆ. ಇದು ಔಷಧಿನಾ?"

"ನಿಮ್ಮ ಕೈಯನ್ನೇ ಬಿಡದೇ ಇರೋದು ಬೂಷ್ಟನ್ನ ಬಿಡುತ್ತಾ?"

"ನಿಮ್ಮ ಮಾಮಾ ಕಲೆ ಇರೋ ಹಣ್ಣು ಮುಟ್ಟಿದವರಲ್ಲ. ಈಗ ಮಾತಾಡಲ್ಲ ಅಂತ ಅದನ್ನೇ ಇಡ್ಲಾ? ಹೋಗು ಪಿಳ್ಳೈ, ಹೋಗು ಮಗಳೇ, ನೀರು ತಾ."

"ಮೂರು ಕಾಯಿ ನನಗೆ ಕೊಡಿ. ತೊಟ್ಟಿನ ಸಮೇತ."

"ತಗೋ. ಕೊಳೆತ್ರೆ ನನ್ನ ಮುಂದೆ ತರ್ಬೇಡ."

ಹಣ್ಣು ಬಣ್ಣಕ್ಕೆ ತಿರುಗುತ್ತಿದ್ದಂತೆ ಸೊನೆ ಇಳಿಸಿ ಹುಲ್ಲಿನಲ್ಲಿಟ್ಟವುಗಳ ಮೇಲೆ ಕಪ್ಪು ಚುಕ್ಕೆಗಳು ತಲೆದೋರಿದವು. ಆಬ್ದಿಕದ ಹಿಂದಿನ ದಿನ ತೈಯಲ್‌ನಾಯಕಿ ಒಂದೊಂದನ್ನೂ ಹೊರಳಿಸಿ ನೋಡಿದಳು. ಚುಕ್ಕೆಗಳು ಕೂಡಿ ಕುಳಿಗಳಾಗಿದ್ದವು. ಎಲೆಗೆ ಸಲ್ಲುವಂಥದು ಒಂದೂ ಇರಲಿಲ್ಲ.

"ಅಂಗಡಿಯಿಂದ ತರ್ಲಾ, ಅಮ್ಮಾ?" ಎಂದನು ಮಗ.

"ಅಂಗಡಿಯವನು ನಿಮ್ಮಪ್ಪನ ಜೊತೆ ಈ ಮರಕ್ಕೆ ಗುಂಡಿ ತೋಡಿದ್ನಾ?"

ಯಾಳಿನಿ ತನ್ನ ಮೂರು ಹಣ್ಣುಗಳನ್ನು ತಂದು ಮುಂದಿಟ್ಟಳು. ಅತ್ತೆಯ ದೃಷ್ಟಿ ತೊಟ್ಟಿನ ಮೇಲೆ ನಿಂತಿತು.

"ಈಗ ಮುರಿದ್ರೆ ಸೊನೆ ಸುರಿದು ಕಲೆ ಆಗುತ್ತೆ."

"ಮುರಿದು ನೋಡಿ, ಮಾಮಿ."

ಆಕೆ ಹಣ್ಣನ್ನು ಮುಖದಿಂದ ದೂರ ಹಿಡಿದು ತೊಟ್ಟು ಮುರಿದಳು. ಒಂದು ಹನಿಯೂ ಬೀಳಲಿಲ್ಲ.

"ಎಲ್ಲಿ ಹೋಯ್ತು?"

"ಹಣ್ಣಾಗ್ತಾ ಹೋದ ಹಾಗೆ ಬತ್ತುತ್ತೆ. ಅಲ್ಲೀವರೆಗೆ ಕಾಯಿಯನ್ನ ಕಾದಿರುತ್ತೆ."

"ಮೊದ್ಲೇ ಹೇಳೋದಲ್ವಾ?"

"ನೀರು ತರೋಕೆ ಕಳ್ಸಿದ್ರಲ್ಲ."

ತೈಯಲ್‌ನಾಯಕಿ ಮೂರನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಸೀರೆಯ ಸೆರಗಿನಿಂದ ಒರೆಸಿ, ಮತ್ತೊಮ್ಮೆ ಪರೀಕ್ಷಿಸಿದಳು. ಮರುದಿನ ಪತಿಯ ಎಲೆಗೆ ಎರಡನ್ನು ಬಡಿಸಿದಳು. ಮೂರನೆಯದರ ತುದಿಯಲ್ಲಿ ಸಾಸಿವೆಯಷ್ಟು ಕಪ್ಪಿತ್ತು; ಅದನ್ನು ಬಡಿಸಲಿಲ್ಲ.