ಹೆಬ್ಬೆಟ್ಟು ಮೊದಲು, ಸಹಿ ಆಮೇಲೆ

ತೊಂಬತ್ತೊಂಬತ್ತರ ಚುನಾವಣೆಯಲ್ಲಿ ನಮ್ಮ ಪಕ್ಷ ಮಣ್ಣು ಮುಕ್ಕಿತು. ಸೋಲಿನ ಕಾರಣ ಹುಡುಕಲು ಶಿರಸಿಯಲ್ಲಿ ಸಭೆ ಕರೆದರು. ಕಾರಣ ಸಭೆಗೆ ಮೊದಲೇ ಸಿಕ್ಕಿತ್ತು ಎಂಬುದು ಬೇರೆ ಮಾತು. ಪ್ರಣಾಳಿಕೆಯ ಮೂರನೆಯ ಸಾಲು: ಕಾಡಂಚಿನಲ್ಲಿ ಉತ್ತು ತಿನ್ನುವವರಿಗೆ ಆ ನೆಲದ ಪಟ್ಟಾ ಕೊಡಿಸುತ್ತೇವೆ. ಅದು ಪೇಟೆಯವರಿಗೂ ತೋಟದವರಿಗೂ ರುಚಿಸುವುದಿಲ್ಲವಂತೆ, ತೆಗೆದರೆ ಗೆಲ್ಲುತ್ತೇವಂತೆ. ಹೀಗೆಂದವರು ನಮ್ಮ ಹೊಸ ಅಧ್ಯಕ್ಷರು, ಮತ್ತಿಘಟ್ಟದ ಕಿಶೋರ. ಆ ಜಾಗದಲ್ಲಿ ‘ಸರ್ವರ ಏಳಿಗೆ’ ಎಂದು ಬರೆಸಿದರು. ಯಾರೂ ಬೇಡವೆನ್ನಲಾಗದ, ಯಾರಿಗೂ ಏನೂ ಕೊಡದ ಮಾತು.

ಬರೆದವನು ನಾನೇ. ಇಪ್ಪತ್ತು ವರ್ಷದಿಂದ ಪಕ್ಷದ ಠರಾವು ಪುಸ್ತಕ ನನ್ನ ಕೈಯಲ್ಲಿತ್ತು. ಪಕ್ಷ ಕಟ್ಟಿದ ಹಿರಿಯರು ಒಂದು ಪದ್ಧತಿ ಇಟ್ಟಿದ್ದರು. ಯಾವ ಠರಾವನ್ನೂ ಓದು ಬಾರದ ಸದಸ್ಯರಿಗೆ ಮೊದಲು ಓದಿ ಹೇಳಬೇಕು. ಅವರು ಒಪ್ಪಿ ಹೆಬ್ಬೆಟ್ಟು ಒತ್ತಿದ ಮೇಲೆಯೇ ಉಳಿದವರ ಸಹಿ. ಮೊದಲೆಲ್ಲ ಅಂಥ ನಲವತ್ತು ಜನ ಜಮಖಾನದ ಮೇಲೆ ಕೂತು ಒಂದೊಂದು ಶಬ್ದಕ್ಕೂ ನನ್ನ ಜೀವ ತಿನ್ನುತ್ತಿದ್ದರು. ಆಗ ಬೈದುಕೊಂಡದ್ದುಂಟು. ಈಗ ಅಂಥ ಒಂದು ಮಧ್ಯಾಹ್ನಕ್ಕಾಗಿ ಏನು ಬೇಕಾದರೂ ಕೊಟ್ಟೇನು.

ಆ ಸಭೆಗೆ ಓದು ಬಾರದವರೆಂದು ಬಂದವರು ಸಿದ್ದವ್ವ ಒಬ್ಬರೇ. ಕಿರವತ್ತಿಯ ಆಚೆ ಕಾಡಂಚಿನ ಎರಡೆಕರೆಯಲ್ಲಿ ಭತ್ತ ಬೆಳೆಯುತ್ತಿದ್ದರು. ಅವರ ಹತ್ತಿರ ಪಟ್ಟಾ ಇರಲಿಲ್ಲ.

ನಾನು ಪುಸ್ತಕ ಹಿಡಿದು ಎದುರು ಕೂತೆ. ಅವರು ಆಗಲೇ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಿದ್ದರು.

“ನೀವು ಬರದೀರಿ ಅಂದಮ್ಯಾಲೆ ಓದೂದು ಯಾಕ್ರೀ ಮಂಜಪ್ಪಣ್ಣ? ಎಲ್ಲಿ ಒತ್ತಲಿ, ತೋರಸ್ರಿ.”

“ಹೌದು ಮಾರಾಯ್ರೇ, ಒತ್ತಿಸಿ ಮುಗ್ಸಿ. ಊಟ ತಣ್ಣಗಾಗ್ತದೆ,” ಎಂದರು ಕಿಶೋರ.

ನನಗೆ ಕೋಪ ನೆತ್ತಿಗೇರಿತು. ತೆಗೆದ ಸಾಲನ್ನೂ ಸೇರಿಸಿ ಗಟ್ಟಿಯಾಗಿ ಓದಿದೆ. ಸಿದ್ದವ್ವ ಒತ್ತದಿದ್ದರೆ ಠರಾವು ಬಿದ್ದುಹೋಗುತ್ತದೆ, ನನ್ನ ಪಕ್ಷ ನನಗೆ ಉಳಿಯುತ್ತದೆ ಎಂಬ ಆಸೆ.

ಸಿದ್ದವ್ವ ಮಸಿ ಹಚ್ಚಿದ ಹೆಬ್ಬೆಟ್ಟನ್ನು ಪುಸ್ತಕಕ್ಕೆ ತಾಗಿಸದೆ ಮೇಲೆಯೇ ಹಿಡಿದರು.

“ಇದನ್ನ ತಗದ್ರ ಗೆಲ್ತೀವೇನ್ರಿ?”

“ಹಂಗೆ ಹೇಳ್ತಾರೆ.”

“ಸೋತು ಕುಂತ್ರ ಪಟ್ಟಾ ಯಾರು ಕೊಡಸ್ತಾರ? ಗೆದ್ದಮ್ಯಾಲೆ ಮತ್ತ ಬರೀರಿ,” ಎಂದು ಒತ್ತಿಬಿಟ್ಟರು.

ಎರಡು ಸಾವಿರದ ನಾಲ್ಕರಲ್ಲಿ ಗೆದ್ದೆವು. ಗೆದ್ದ ಮೇಲಿನ ಮೊದಲ ಸಭೆಯಲ್ಲಿ ಆ ಸಾಲನ್ನು ಮತ್ತೆ ಬರೆಯೋಣವೆಂದು ಎದ್ದು ನಿಂತೆ. “ಅದನ್ನ ಬಿಟ್ಟಿದ್ದಕ್ಕೇ ಗೆದ್ದದ್ದಲ್ವ?” ಎಂದು ಕಿಶೋರ ನಕ್ಕರು. ಎಲ್ಲರೂ ನಕ್ಕರು. ಸಿದ್ದವ್ವ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಅಂದು ಬಂದಿರಲಿಲ್ಲ. ಇನ್ನು ಮುಂದೆ ಸಭೆಗೆ ಸಹಿ ಹಾಕಬಲ್ಲ ಪದಾಧಿಕಾರಿಗಳು ಸಾಕು, ಉಳಿದವರನ್ನು ಕರೆಯುವುದು ಬೇಡ ಎಂದೂ ಅಲ್ಲೇ ಠರಾವಾಯಿತು.

ಮರುವಾರ ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿದ್ದವ್ವ ಸಿಕ್ಕರು. ಗೆದ್ದ ಖುಷಿಗೆ ನನ್ನ ಕೈಗೆ ಬೆಲ್ಲದ ಚೂರು ಇಟ್ಟರು.

“ಬರದ್ರೇನ್ರಿ ಅಣ್ಣಾ?”

“ಇನ್ನೂ ಇಲ್ಲ ಸಿದ್ದವ್ವ.”

“ಇರ್ಲಿ ಬಿಡ್ರಿ, ಈಗಷ್ಟ ಗೆದ್ದೀವಿ. ಮುಂದಿನ ಸಭಾ ಯಾವಾಗ್ರಿ? ಬರ್ತೀನಿ. ನೀವು ಓದ್ರಿ, ನಾ ಕೇಳ್ತೀನಿ.”

“ದಿನ ಗೊತ್ತಾದ ಕೂಡ್ಲೆ ಹೇಳಿ ಕಳಸ್ತೆ,” ಎಂದೆ.