ಮುಟ್ಟದ ಖೋ

"ಕಿವಿ ಕೇಳ್ಸಲ್ವೇನೆ? ನನ್ನ ಮಗಳ ಕೈ ಹಿಡಿದು ಆ ಹುಡುಗಿ ಬೆನ್ನಿಗೆ ಒತ್ತಿದ್ಯಂತೆ. ಯಾರೇ ಹೇಳಿದ್ದು ನಿಂಗೆ?"

ಶ್ಯಾಮಲಾ ಬಗ್ಗಿ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಶಾಲಾ ಸಮಿತಿಯ ಅಧ್ಯಕ್ಷ ಸುಂದರೇಶ ಗೆರೆಯ ಆಚೆ ನಿಂತಿದ್ದ. ಅವಳು ನೆಟ್ಟಗಾಗಲಿಲ್ಲ. ಅರ್ಧಕ್ಕೆ ಬಿಟ್ಟ ಗೆರೆ ಮತ್ತೆ ಕೂಡಿಸುವಾಗ ಸೊಟ್ಟಗಾಗುತ್ತದೆ.

"ಖೋ ಅನ್ನುವಾಗ ಬೆನ್ನು ಮುಟ್ಟಬೇಕು ಸರ್. ಇಲ್ಲಾಂದ್ರೆ ಫೌಲು. ಸಮೀಕ್ಷಾ ಎಲ್ಲರನ್ನೂ ಮುಟ್ತಾಳೆ. ಬಿಂದು ಹತ್ರ ಬಂದಾಗ ಕೈ ಗಾಳೀಲಿ ನಿಲ್ಸ್ತಾಳೆ."

"ಬೆವರು ಅಂದ್ರೆ ಅಲರ್ಜಿ ಅವಳಿಗೆ."

"ಉಳಿದೋರೂ ಬೆವರ್ತಾರಲ್ಲ ಸರ್."

"ಎಂತ ಮಾತು ಕಲ್ತಿದೀಯೇ! ನಿನ್ನಪ್ಪ ಹುಲಿಯಪ್ಪ ನಮ್ಮನೆ ಅಂಗಳದಾಚೆ ಕೈಕಟ್ಟಿ ನಿಲ್ತಿದ್ದ. ನೀನು ಕೊರಳಿಗೊಂದು ಸೀಟಿ ಕಟ್ಕೊಂಡು ನಂಗೆ ರೂಲ್ಸ್ ಹೇಳ್ತೀಯ. ಸಾಗರದ ಮ್ಯಾಚಿಗೆ ಬಿಂದು ಬೇಡ. ಆಮೇಲೆ ಮುಟ್ಟೋ ಮಾತೇ ಬರಲ್ಲ. ಆಗಲ್ಲ ಅಂದ್ರೆ ಕಾಯಂ ಆಗೋದನ್ನ ಮರ್ತುಬಿಡು."

ಅವನು ಹೋದ. ಅವಳು ಗೆರೆ ಮುಗಿಸಿದಳು. ತನ್ನೊಳಗೆ ಎಲ್ಲಾದರೂ ಸಿಟ್ಟು ಇದೆಯೇನೋ ಎಂದು ಹುಡುಕಿಕೊಂಡಳು. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದಾಗ ತನ್ನ ಕೆನ್ನೆ ಮುಟ್ಟಿಕೊಂಡರೆ ಯಾರದೋ ಕೆನ್ನೆಯಂತಿರುತ್ತದಲ್ಲ, ಹಾಗಿತ್ತು. ರಿಪ್ಪನ್‌ಪೇಟೆಯ ಈ ಶಾಲೆಗೆ ಅವಳು ತಾತ್ಕಾಲಿಕ ಪಿಟಿ ಟೀಚರಾಗಿ ಬಂದಾಗ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ಅವಳು ಓಡಲು ಕಲಿಸಿದ ಹುಡುಗಿಯರು ಪೊಲೀಸರಾಗಿದ್ದರು, ರೈಲ್ವೆ ಸೇರಿದ್ದರು. ಅತಿಥಿಗಳು ಬಂದರೆ ಹಾರದ ತಟ್ಟೆ ಹಿಡಿಯಲು ಈಗಲೂ ಅವಳನ್ನೇ ಕರೆಯುತ್ತಿದ್ದರು.

ಸಂಜೆ ನಲ್ಲಿಯ ಹತ್ತಿರ ಹೇಳಿದಳು. "ಬಿಂದು, ನೀನು ಎಕ್ಸ್‌ಟ್ರಾ."

"ಕಾಲು ಚೆನ್ನಾಗೇ ಇದೆ ಮಿಸ್."

"ಗೊತ್ತು."

ಬಿಂದು ಮುಖ ತೊಳೆದಳು. ಉಳಿದ ಹುಡುಗಿಯರು ಚೊಂಬು ಕೆಳಗಿಟ್ಟು ನೋಡುತ್ತಿದ್ದರು.

ಮಾರನೆಯ ದಿನ ಬಿಂದುವಿನ ತಾಯಿ ಗುತ್ಯಮ್ಮ ಶ್ಯಾಮಲಾಳನ್ನು ಶಾಲೆಯ ಗೇಟಿನಲ್ಲೇ ಹಿಡಿದಳು. "ನೀನೂ ನಮ್ ಕೇರಿಯೋಳೇ ಅಲ್ವೇನೇ ರಂಡೆ? ಆ ಬೋಳೀಮಗ ಹೇಳ್ದ ಅಂತ ನನ್ ಕೂಸ್ನ ಹೊರಗೆ ಕೂರ್ಸ್ತೀಯಾ? ನಿನ್ ಕೈ ಸೇದ್ಹೋಗ!"

ಬೈದು ಸುಸ್ತಾದ ಮೇಲೆ ಗುತ್ಯಮ್ಮ ಸೆರಗಿನಿಂದ ಬಾಯೊರೆಸಿಕೊಂಡು ಮೆಲ್ಲಗೆ ಕೇಳಿದಳು. "ಬಸ್ಸಲ್ಲಾದ್ರೂ ಕರ್ಕಂಡ್ ಹೋಗ್ತೀಯಾ? ಸಾಗರ ನೋಡ್ಲಿ."

ಸಾಗರದಲ್ಲಿ ಬಿಸಿಲಿತ್ತು. ಸುಂದರೇಶ ಮುಂದಿನ ಸಾಲಿನ ಸೋಫಾದಲ್ಲಿ ಕುಳಿತಿದ್ದ. ಬಿಂದುವಿನ ಐದನೇ ನಂಬರು ಈಗ ಸಮೀಕ್ಷಾಗೆ; ಬಿಂದು ತೊಟ್ಟ ಜೆರ್ಸಿ ಬೇಡವೆಂದು ಅದೇ ನಂಬರಿನ ಹೊಸತು ಹೊಲಿಸಿದ್ದರು. ಹಳೆಯದನ್ನು ತೊಟ್ಟ ಬಿಂದು ಗೆರೆಯಾಚೆ ಕುಳಿತಿದ್ದಳು.

ರೆಫರಿ ಸೀಟಿ ಊದಿದ. ಸಮೀಕ್ಷಾ ಎದುರಾಳಿಯನ್ನು ಅಟ್ಟಿಸಿಕೊಂಡು ಕಂಬ ಸುತ್ತಿದಳು. ಏದುಸಿರು ಹತ್ತಿತು. ಮೊದಲು ಸಿಕ್ಕವಳ ಬೆನ್ನಿಗೆ ಕೈ ಹೊಡೆದು "ಖೋ!" ಎಂದಳು.

ಅವಳು ಏಳಲಿಲ್ಲ.

ಮುಂದಿನವಳಿಗೆ "ಖೋ!" ಅವಳೂ ಏಳಲಿಲ್ಲ. ಎಂಟೂ ಜನ ಒಬ್ಬಳು ಆ ಕಡೆ, ಒಬ್ಬಳು ಈ ಕಡೆ ಮುಖಮಾಡಿ, ಬೆರಳು ನೆಲಕ್ಕೊತ್ತಿ ಕುಳಿತೇ ಇದ್ದರು. ಓಡುತ್ತಿದ್ದ ಎದುರಾಳಿಗಳು ನಿಂತರು. ಒಬ್ಬಳು ನಕ್ಕಳು.

"ಏಳ್ರೇ... ಪ್ಲೀಸ್ ಕಣ್ರೇ..." ಸಮೀಕ್ಷಾಗೆ ಅಳು ಬಂತು.

ಹೀಗೆ ಕೂರಲು ಶ್ಯಾಮಲಾ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಸುಂದರೇಶ ಪಂಚೆ ಎತ್ತಿಕೊಂಡು ಓಡಿ ಬಂದ. "ಏಯ್, ಹೇಳೇ ಅವಕ್ಕೆ! ಮಾನ ಕಳೀತೀಯೇನೇ, ಕೇರಿ ನಾಯಿ!"

ಶ್ಯಾಮಲಾ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡಳು. ಬಿಂದುವಿನ ಪಕ್ಕಕ್ಕೆ ಹೋಗಿ, ಅವಳು ಮುಖ ಮಾಡಿದ್ದಕ್ಕೆ ವಿರುದ್ಧ ದಿಕ್ಕಿಗೆ ತಿರುಗಿ ಕುಳಿತಳು. ಮಂಡಿ ಲಟಕ್ಕೆಂದಿತು. ಬೆರಳುಗಳನ್ನು ನೆಲಕ್ಕೆ ಒತ್ತಿದಳು. ನೆಲ ಸುಡುತ್ತಿತ್ತು, ಅದು ತಿಳಿಯಿತು.

"ಏಳೇ ಮೇಲೆ! ಏಳ್ತೀಯೋ ಇಲ್ವೋ?"

ದನಿ ಕುತ್ತಿಗೆಯ ಹಿಂದೆಯೇ ಇತ್ತು. ಮುಂದೆ ನೆಲದ ಮೇಲೆ ಎರಡು ನೆರಳು. ಅವನ ಕೈಯ ನೆರಳು ಮೇಲೆದ್ದು ಅವಳ ನೆರಳಿನ ಬೆನ್ನಿನ ತನಕ ಬಂದು, ಅಲ್ಲೇ ಗಾಳಿಯಲ್ಲಿ ನಿಂತಿತು.

ಶ್ಯಾಮಲಾ ಏಳಲಿಲ್ಲ.