ಜಿಪ್ಪಿಗೆ ಹಸಿವಿಲ್ಲ

ನನ್ನ ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟ ಮೇಲಿನ ಮೊದಲ ಬೆಳಗ್ಗೆ ಹಾಲಿನವನು ಎಂದಿನಂತೆ ಬಂದ. ಹಾಲಿನ ದರ ಮತ್ತೆ ಏರಿತ್ತು. ಅತ್ತೆ ಪಾತ್ರೆ ಒಳಗಿಟ್ಟು, ಸೀಮೆಸುಣ್ಣ ಹಿಡಿದು, ಮನೆಯ ಮುಂದಿನ ಕೋಣೆಯಲ್ಲಿದ್ದ ಹೊಲಿಗೆ ಅಂಗಡಿಗೆ ನಡೆದರು. ಮಗನ ಜೊತೆ ಅವರೂ ಹೊಲಿಯುತ್ತಿದ್ದರು. ಇನ್ನು ಅಂಗಡಿ ನಡೆದರೆ ಮಾತ್ರ ನಮ್ಮಿಬ್ಬರ ಊಟ.

"ಹಾಲು ಏರಿದೆ. ಗುಂಡಿ, ಜಿಪ್ಪು, ಹೊಲಿಗೆ ಎಲ್ಲಾ ಒಂದೂವರೆಪಟ್ಟು," ಎಂದು ಬಾಗಿಲ ಬಳಿಯ ದರದ ಹಲಗೆಯ ಮೇಲೆ ಬರೆಯತೊಡಗಿದರು.

"ಅತ್ತೆ, ಜಿಪ್ಪು ಹುಲ್ಲು ತಿನ್ನುತ್ತಾ?"

ಅವರ ಕೈ ನಿಂತಿತು. "ಏನಂದೆ?"

"ಮೇವು ದುಬಾರಿ ಆಯ್ತು, ಹಾಲು ಏರಿತು. ಗುಂಡಿ, ಜಿಪ್ಪು ಕಾರ್ಖಾನೆಯವು. ಹೊಸ ಯಂತ್ರ ಬಂದು ರಾಶಿ ರಾಶಿ ಮಾಡ್ತಾರೆ. ನಾವು ಕೊಳ್ಳೋ ದರ ಇಳಿದಿದೆ. ಏರಿಸಿದ್ರೆ ಜನ ಬೇರೆ ಅಂಗಡಿಗೆ ಹೋಗ್ತಾರೆ."

"ಹಾಗಾದ್ರೆ ಹೊಲಿಗೇನೂ ಇಳಿಸು. ನಮ್ಮದೂ ಮೆಷಿನ್ನೇ ತಾನೆ?"

"ಅದು ಓಡೋದು ನಿಮ್ಮ ಕಾಲಲ್ಲಿ. ನಿಮ್ಮ ಮದುವೆಯಾದ ಹೊಸದರಲ್ಲಿ ಒಂದು ಅಂಗಿಗೆ ಎಷ್ಟು ಹೊತ್ತು ಹಿಡೀತಿತ್ತು?"

"ಅರ್ಧ ದಿನ."

"ಈಗ?"

"ಮುಕ್ಕಾಲು. ಕಣ್ಣು ಕಾಣಬೇಕಲ್ಲ."

ಹೇಳಿ ಅವರೇ ನಕ್ಕರು. ನಾನೂ ನಕ್ಕೆ. ಆ ವಾರದಲ್ಲಿ ಅದೇ ಮೊದಲು.

"ಕೆಲಸದ ಹೊತ್ತು ಕಮ್ಮಿ ಆಗಲಿಲ್ಲ, ನಿಮ್ಮ ಊಟದ ಖರ್ಚು ಏರಿತು. ಕೂದಲು ಕತ್ತರಿಸೋದು, ಪಾಠ ಹೇಳೋದು, ಇವೂ ಹೀಗೇ ದುಬಾರಿ ಆಗೋದು."

"ಮತ್ತೆ ಟೊಮೆಟೊಗೆ ಏನು ರೋಗ? ಹೋದ ತಿಂಗಳು ಮುಟ್ಟೋ ಹಾಗಿರಲಿಲ್ಲ, ಈಗ ಕೇಳೋರಿಲ್ಲ."

"ಅದು ಬೆಳೆ ನೋಡ್ಕೊಂಡು ಏರುತ್ತೆ, ಇಳಿಯುತ್ತೆ. ಕೂಡಿಟ್ಟರೆ ಕೊಳೆಯುತ್ತಲ್ಲ."

ಅತ್ತೆ ಹಲಗೆ ಒರೆಸಿದರು. ಗುಂಡಿ, ಜಿಪ್ಪಿನ ದರ ಇಳಿಸಿದರು. ಹೊಲಿಗೆ ಮಾತ್ರ ಏರಿಸಿದರು. "ಓದಿದ್ದು ಸಾರ್ಥಕ ಆಯ್ತು. ಇನ್ನು ಕಾಲರ್ ಕತ್ತರಿಸೋದು ಕಲಿ."

ಮಧ್ಯಾಹ್ನ ನಮ್ಮ ಹಳೆಯ ಗಿರಾಕಿ, ಶಾಲೆಯ ಟೀಚರ್ ಬಂದು ಹಲಗೆ ನೋಡಿದರು. "ಜಿಪ್ಪು ಇಳಿದಿದೆ, ಹೊಲಿಗೆ ಯಾಕಮ್ಮ ಏರಿತು?"

"ಜಿಪ್ಪಿಗೆ ಹಸಿವಿಲ್ಲ ಟೀಚರ್. ನನಗಿದೆ," ಎಂದರು ಅತ್ತೆ.

ಟೀಚರ್ ನಗುತ್ತಲೇ ಎರಡು ಅಂಗಿಯ ಬಟ್ಟೆ ಮೇಜಿನ ಮೇಲಿಟ್ಟರು.

ಓದುವವರೇ, "ಎಲ್ಲಾ ಏರಿಹೋಯ್ತು" ಎನ್ನುವ ಮೊದಲು ಒಂದೊಂದು ವಸ್ತುವನ್ನೂ ಬೇರೆಯಾಗಿ ನೋಡಿ. ಇದು ಹೊಲದ್ದೇ, ಯಂತ್ರದ್ದೇ, ಯಾರದೋ ಕೈಯದೇ? ಬೆಳೆಯದ್ದಾದರೆ ಅಗ್ಗವಾದಾಗ ಕೊಳ್ಳಿ. ಕೈಯದಾದರೆ ಚೌಕಾಸಿಗೆ ಮುನ್ನ ಆ ಕೈಯ ಹೊತ್ತನ್ನು ನೆನೆಯಿರಿ.

ಸಂಜೆ ಬಾಗಿಲು ಹಾಕುವಾಗ ಮೂಲೆಯಲ್ಲೊಂದು ಇಸ್ತ್ರಿ ಪೆಟ್ಟಿಗೆ ಕಂಡಿತು. ಪಕ್ಕದ ಇಸ್ತ್ರಿಯವರಿಂದ ನನ್ನ ಗಂಡ ಒಂದು ದಿನದ ಮಟ್ಟಿಗೆಂದು ತಂದಿದ್ದು; ಹಿಂದಿರುಗಿಸಲು ಅವರೇ ಉಳಿಯಲಿಲ್ಲ. ಕೊಡಲು ಹೋದೆ.

"ನೀವು ದರ ಏರಿಸಿದ್ರಂತೆ?" ಎಂದರು ಇಸ್ತ್ರಿಯವರು.

"ಹೂಂ ಅಣ್ಣಾ. ನಿಮ್ಮದೂ ಕೈಕೆಲಸವೇ. ನೀವೂ ಏರಿಸಿ."

ಪೆಟ್ಟಿಗೆಯನ್ನು ಅವರ ಕೈಗೆ ಕೊಟ್ಟೆ. ಭಾರವಾಗಿತ್ತು.